ಸ್ವೀಡನ್ನಿನ ಗೋಡೆಯಲ್ಲಿ ವಾರಿಜ

ಹೊರಡುವ ಮೊದಲು: ಬೆಂಗ್ರೆ

ಸ್ವೀಡನ್ನಿಗೆ ಹೋಗಿ ಬಂದೆ ಎಂದು ಗೊತ್ತಾದವರು ನನ್ನತ್ರ ಕೇಳುವುದು ಎರಡೇ. ಅಲ್ಲಿ ಅನ್ನ ಸಿಗ್ತದಾ, ಚಳಿ ಎಷ್ಟು. ಅನ್ನ ಸಿಗುವುದಿಲ್ಲ. ಚಳಿ ಹೇಳಿದರೆ ತಿಳಿಯುವಂಥದ್ದಲ್ಲ. ಅದು ಅಲ್ಲಿಗೆ ಮುಗಿಯಿತು. ನಾನು ಬರೆಯಲಿಕ್ಕೆ ಕೂತದ್ದು ಬೇರೆ ಸಂಗತಿ.

ನನ್ನ ಹೆಸರು ಅಪ್ಪಿ. ಮನೆ ಮಂಗಳೂರಿನ ದೇರೆಬೈಲು. ಶಾಲೆಗೆ ಹೋದದ್ದು ಎರಡು ವರ್ಷ, ಅದೂ ಗದ್ದೆಯಲ್ಲಿ ಕೆಲಸ ಇಲ್ಲದ ದಿನ ಮಾತ್ರ. ಉಳಿದ ಅಕ್ಷರ ಕಲಿತದ್ದು ಬೆಂಗ್ರೆಯ ಬಾಲವಾಡಿಯಲ್ಲಿ, ಮೂರು ವರ್ಷದ ಮಕ್ಕಳ ಜೊತೆ ನೆಲದಲ್ಲಿ ಕೂತು, ಐವತ್ತು ದಾಟಿದ ಮೇಲೆ. ಬರೆದದ್ದರಲ್ಲಿ ತಪ್ಪಿದ್ದರೆ ಇರಲಿ.

ಎಮರ್ಜೆನ್ಸಿಗೆ ಎರಡು ವರ್ಷ ಮೊದಲು ಆ ಬಾಲವಾಡಿ ಸುರುವಾಯಿತು. ಸ್ವೀಡನ್ನಿನ ಒಬ್ಬರು ಡಾಕ್ಟರಮ್ಮ ಬಂದು ಮಾಡಿದ್ದು. ಹೆಸರು ಮಾರ್ತಾ, ನಾವು ಮಾರ್ತಮ್ಮ ಅಂತಿದ್ದೆವು. ಅವರದ್ದು ಒಂದೇ ಹಟ. ಬೆಂಗ್ರೆಯಲ್ಲಿ ಮೂರು ವರ್ಷ ತುಂಬಿದ ಒಂದು ಮಗುವೂ ಹೊರಗೆ ಉಳಿಯಬಾರದು. ದೋಣಿ ಇದ್ದವರ ಮಗು, ಬಲೆ ಎಳೆಯುವವರ ಮಗು, ಬ್ಯಾರಿ ಮುಸಲ್ಮಾನರ ಮಗು, ಎಲ್ಲ ಒಂದೇ ಚಾಪೆಯಲ್ಲಿ. ನಾನು ಆಯಾ. ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ಬೆಂಗ್ರೆಗೆ ಹೋಗಿ ಮನೆಮನೆಯಿಂದ ಮಕ್ಕಳನ್ನು ಹಿಡಿದು ತರುವುದು, ಮೂಗು ಒರೆಸುವುದು, ಉಪ್ಪಿಟ್ಟು ಬೇಯಿಸುವುದು, ತಿಂಗಳಿಗೊಮ್ಮೆ ಒಬ್ಬೊಬ್ಬರನ್ನೇ ಬಟ್ಟೆಯ ಜೋಳಿಗೆಯಲ್ಲಿ ಹಾಕಿ ತೂಕದ ಕೊಕ್ಕೆಗೆ ತೂಗು ಹಾಕುವುದು. ಬರೆಯುವುದು ಲೀನಾ ಟೀಚರ್. ಪ್ರತಿ ಮಗುವಿಗೆ ಒಂದು ಕಾರ್ಡು, ಕಾರ್ಡಿನಲ್ಲಿ ಚುಕ್ಕಿ, ಚುಕ್ಕಿಗಳನ್ನು ಸೇರಿಸಿ ಒಂದು ಗೆರೆ. ಗೆರೆ ಮೇಲೆ ಹೋದರೆ ಮಗು ಸರಿ ಉಂಟು.

ಮಾರ್ತಮ್ಮ ತನ್ನ ಊರಿಗೆ ವಾಪಸು ಹೋದರೂ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಾಲವಾಡಿಗೆ ಬಂದ ಮಕ್ಕಳು ಈಗ ಎಷ್ಟನೇ ಕ್ಲಾಸು, ಯಾರು ಫೇಲು, ಯಾರು ಶಾಲೆ ಬಿಟ್ಟು ದೋಣಿಗೆ ಹೋದರು, ಎಲ್ಲ ಕೇಳಿ ಬರೆದುಕೊಳ್ಳುವುದು. ಮೂರು ವರ್ಷಕ್ಕೇ ಚಾಪೆಯಲ್ಲಿ ಕೂತ ಮಗು ಹದಿಮೂರರಲ್ಲಿ ಏನಾಗ್ತದೆ ಎಂದು ಅವರಿಗೆ ಕಾಗದದಲ್ಲಿ ಬೇಕು. ಹೀಗೆ ಬರೆದದ್ದನ್ನೆಲ್ಲ ಅವರ ಊರಿನ ದೊಡ್ಡವರ ಮುಂದೆ ಹೇಳಲಿಕ್ಕೆ ಒಂದು ಸಭೆ ಇಟ್ಟರು. ಲೀನಾ ಟೀಚರಿಗೆ ಕರೆ ಬಂತು. ನನಗೂ ಬಂತು. ತೂಕ ಮಾಡಿದವರೂ ಬರಬೇಕು ಎಂದು ಮಾರ್ತಮ್ಮ ಬರೆದಿದ್ದರಂತೆ.

ಹೊರಡಲಿಕ್ಕೆ ಒಂದು ವಾರ ಇರುವಾಗ ಬೆಂಗ್ರೆಯ ಸುಂದರಿ ದೋಣಿ ಹತ್ತುವಲ್ಲಿ ನನ್ನನ್ನು ಕಾದು ನಿಂತಿದ್ದಳು. ಅವಳ ಇಬ್ಬರು ಹೆಣ್ಣುಮಕ್ಕಳೂ ನನ್ನ ಕೈಯಲ್ಲಿ ದಾಟಿದವರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

"ಅಪ್ಪಿಯಕ್ಕ, ಸುರತ್ಕಲ್ಲಿನಿಂದ ಸಂಬಂಧ ಬಂದಿದೆ."

"ಹುಡುಗಿ ಇನ್ನೂ ಹತ್ತನೇ ಕ್ಲಾಸು. ನಿನಗೆ ಎಂತ ಅವಸರ?"

"ಇವಳಿಗಲ್ಲ," ಅಂದಳು. "ದೊಡ್ಡವಳಿಗೆ."

ದೊಡ್ಡವಳು ಸತ್ತು ಹನ್ನೆರಡು ವರ್ಷ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಸತ್ತ ಮಕ್ಕಳೂ ವರ್ಷಕ್ಕೆ ಒಂದು ವರ್ಷ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆ ಮಾಡಬೇಕು, ಇಲ್ಲದಿದ್ದರೆ ಮನೆಯವರಿಗೆ ಒಂದಲ್ಲ ಒಂದು ಉಪದ್ರ ಕೊಟ್ಟು ತೋರಿಸಿಕೊಡುತ್ತಾರೆ. ಸುರತ್ಕಲ್ಲಿನವರ ಒಬ್ಬ ಹುಡುಗ ಸಣ್ಣದರಲ್ಲೇ ಹೋದವನು. ಅವನ ತಮ್ಮನಿಗೆ ಎಲ್ಲಿಯೂ ಹೆಣ್ಣು ಕೂಡಿಬರುತ್ತಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ ಅಣ್ಣನದ್ದು ಮೊದಲು ಆಗಲಿ ಎಂದು ಬಂತಂತೆ. ಅವನ ಪ್ರಾಯಕ್ಕೆ ಸರಿಯಾದ ಸತ್ತ ಹುಡುಗಿಯನ್ನು ಹುಡುಕಿಕೊಂಡು ಬೆಂಗ್ರೆಗೆ ಬಂದಿದ್ದರು. ಇದು ನಮಗೆ ಹೊಸತಲ್ಲ. ಸುಂದರಿಗೆ ಹೆದರಿಕೆ ಹುಟ್ಟಿದ್ದು ಬೇರೆಯದ್ದಕ್ಕೆ, ಅದನ್ನು ಮಾಡಿಟ್ಟವಳು ನಾನು.

ದೊಡ್ಡವಳ ಹೆಸರು ವಾರಿಜ. ಮೂರೂವರೆಗೆ ಬಾಲವಾಡಿಗೆ ಬಂದಳು. ಎರಡನೇ ಮಳೆಗಾಲದಲ್ಲಿ ಜ್ವರ ಬಂತು, ನಾಲ್ಕು ದಿನ, ಮುಗಿಯಿತು. ಸಣ್ಣದಕ್ಕೆ ಆಗ ಮೂರು ತುಂಬಲಿಕ್ಕೆ ಬಂದಿತ್ತು. ಮನೆಯಲ್ಲಿ ಬೇಬಿ, ಬೇಬಿ ಎಂದು ಕರೆಯುವುದು, ಹೆಸರೆಂದು ಇಟ್ಟಿರಲಿಲ್ಲ. ಸತ್ತ ಮಗುವಿನ ಕಾರ್ಡು ವಾಪಸು ಕೊಡಬೇಕು, ಹೊಸ ಕಾರ್ಡು ಬರಲಿಕ್ಕೆ ವರ್ಷ ಕಳೆಯಬೇಕು, ಅಲ್ಲಿವರೆಗೆ ಹಾಲಿನ ಪುಡಿ ಇಲ್ಲ. ಮಗು ಕಡ್ಡಿಯ ಹಾಗಿತ್ತು. "ಅಕ್ಕನ ಕಾರ್ಡಿನಲ್ಲೇ ಬರೆಯಿರಿ ಟೀಚರ್, ಬಾಯಿ ಒಂದು ಹೋಯಿತು, ಒಂದು ಬಂತು," ಎಂದು ನಾನೇ ಹೇಳಿದ್ದು. ಮರುದಿನ ಆ ಮಗುವನ್ನು ವಾರಿಜ ಎಂದು ಮೊದಲು ಕರೆದವಳೂ ನಾನೇ. ಬಾಲವಾಡಿಯ ಚೀಟಿ ನೋಡಿ ಶಾಲೆಯವರು ಅದೇ ಹೆಸರು ಹಾಕಿಕೊಂಡರು. ಸುಂದರಿ ಆಗ ಬೇಡ ಅನ್ನಲಿಲ್ಲ. ಹೆಸರಾದರೂ ಮನೆಯಲ್ಲಿ ಇರಲಿ ಅಂದಳು.

ಈಗ ಆ ಸಣ್ಣವಳು ಹತ್ತನೇ ಕ್ಲಾಸು. ಬೆಂಗ್ರೆಯ ಆ ತುದಿಯ ಮನೆಗಳಿಂದ ಓದಿನಲ್ಲಿ ಅಷ್ಟು ದೂರ ಹೋದ ಮೊದಲನೇ ಹುಡುಗಿ.

"ಮದುವೆಯಲ್ಲಿ ಮದುಮಗಳ ಹೆಸರು ಹೇಳಿ ಕರೆಯಬೇಕಲ್ಲ," ಸುಂದರಿ ಹೇಳಿದಳು. "ವಾರಿಜ ಎಂದು ಕರೆದರೆ ಯಾರು ಹೋಗ್ತಾಳೆ, ಹೇಳಿ ನೋಡುವ."

ಅವಳು ನನ್ನ ಕೈ ಹಿಡಿದುಕೊಂಡಳು.

"ಮಾರ್ತಮ್ಮನ ಊರಿನಲ್ಲಿ ಇಬ್ಬರನ್ನೂ ಒಂದು ಮಾಡಿ ಗೋಡೆಗೆ ಹಾಕಿದ್ದಾರಂತೆ. ಲೀನಾ ಟೀಚರೇ ಹೇಳಿದ್ದು. ಬದುಕಿದ್ದವಳು, ಸತ್ತವಳು, ಎಲ್ಲ ಒಂದೇ ವಾರಿಜ. ಅಲ್ಲಿ ಹಾಗೆ ಇರುವಷ್ಟು ದಿನ ನಾನು ಇಲ್ಲಿ ಯಾರನ್ನು ಯಾರಿಗೆ ಕೊಡುವುದು? ನೀವು ಸೇರಿಸಿದ್ದು, ನೀವೇ ಬಿಡಿಸಿ ಬನ್ನಿ. ದೊಡ್ಡವಳ ಪಟ ಅಲ್ಲಿ ಉಂಟಂತಲ್ಲ, ಅದನ್ನು ತನ್ನಿ. ಪಟ ಇಟ್ಟರೆ ಹೆಸರು ಕರೆಯಬೇಕೆಂದಿಲ್ಲ, ಕೇಳಿದ್ದೇನೆ."

ಅವಳ ಮನೆಯಲ್ಲಿ ದೊಡ್ಡವಳ ಒಂದು ಪಟ ಇಲ್ಲ. ಅವಳಿಗೆ ಮುಖ ಮರೆತುಹೋಗಿದೆ. ನೆನಪು ಮಾಡಿದರೆ ಸಣ್ಣವಳ ಮುಖವೇ ಬರುತ್ತದೆ ಅಂದಳು. ದೋಣಿಯವ ಕೂಗಿದ, ನಾನು ಹತ್ತಿದೆ.

ವಿಮಾನದಲ್ಲಿ

ವಿಮಾನದ ಬಗ್ಗೆ ಹೇಳಲಿಕ್ಕೆ ಎಂತದ್ದೂ ಇಲ್ಲ. ಕೂತಲ್ಲೇ ಕೂತು ಕಾಲು ಬಾತುಕೊಂಡಿತು.

ಬೊಂಬಾಯಿ ದಾಟಿದ ಮೇಲೆ ಲೀನಾ ಟೀಚರಿಗೆ ಸುಂದರಿ ಹೇಳಿದ್ದನ್ನು ಹೇಳಿದೆ. ಅವರು ಕೊರಳಿನ ಶಿಲುಬೆ ಹಿಡಿದುಕೊಂಡರು.

"ಅಪ್ಪಿಯಕ್ಕ, ನಿಮ್ಮ ಕಾಲಿಗೆ ಬೀಳ್ತೇನೆ, ಅಲ್ಲಿ ಬಾಯಿ ಬಿಡ್ಬೇಡಿ."

"ಯಾಕೆ?"

"ಮಾರ್ತಮ್ಮ ಎಲ್ಲಾ ಕಡೆ ತೋರಿಸುವುದು ಆ ಹುಡುಗಿಯ ಕಾರ್ಡು. ಮಳೆಗಾಲದಲ್ಲಿ ಗೆರೆ ಒಮ್ಮೆ ಗುಂಡಿಗೆ ಬಿದ್ದ ಹಾಗೆ ಇಳಿದಿದೆ, ಆಮೇಲೆ ಹತ್ತಿದೆ. ಸಾಯುವ ಮಗುವನ್ನು ಬಾಲವಾಡಿ ಎತ್ತಿ ನಿಲ್ಲಿಸಿತು, ಈಗ ಅದು ಹತ್ತನೇ ಕ್ಲಾಸು, ಹೀಗೆ ಅವರು ಹೇಳುವುದು. ಅದು ಸುಳ್ಳು ಎಂದು ಗೊತ್ತಾದರೆ ಬಾಕಿ ಕಾರ್ಡುಗಳನ್ನು ಯಾರು ನಂಬ್ತಾರೆ? ಸಹಾಯ ನಿಲ್ತದೆ. ಬಾಲವಾಡಿಗೆ ಬೀಗ. ಆ ಮಕ್ಕಳು ಪುನಃ ಹೊಯಿಗೆಯಲ್ಲಿ, ಮರಳು ಆಡಿಕೊಂಡು."

"ಗುಂಡಿಗೆ ಬಿದ್ದದ್ದಲ್ಲ ಅದು," ಅಂದೆ. "ಅಲ್ಲಿ ಒಂದು ಮಗು ಹೋಗಿ ಇನ್ನೊಂದು ಬಂದದ್ದು. ಸಣ್ಣದು ಹಗುರ ಇತ್ತು."

"ನನಗೆ ಗೊತ್ತುಂಟು ಮಾರಾಯ್ತಿ, ಬರೆದದ್ದು ನಾನಲ್ವಾ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸುಂದರಿ ಹೇಳಿದ್ದರಲ್ಲೂ ಇರಲಿಲ್ಲ.

ಮೊದಲನೇ ದಿನ: ನಿಂತ ಸಮುದ್ರ

ಮಾರ್ತಮ್ಮನ ಊರು ಸ್ವೀಡನ್ನಿನ ಮೇಲಿನ ತುದಿಯಲ್ಲಿ, ಸಮುದ್ರದ ಬದಿಗೆ. ಹೆಸರು ನನ್ನ ನಾಲಗೆಗೆ ಬರುವುದಿಲ್ಲ. ಸಮುದ್ರದ ಬದಿ ಅಂದದ್ದಕ್ಕೆ ನನಗೆ ಸ್ವಲ್ಪ ಧೈರ್ಯ ಇತ್ತು. ನೋಡಿದರೆ ಸಮುದ್ರ ನಿಂತಿತ್ತು. ಬಿಳಿ ಕಲ್ಲಿನ ಹಾಗೆ, ಕಣ್ಣು ಹೋಗುವಲ್ಲಿವರೆಗೆ. ತೆರೆ ಇಲ್ಲ, ಸದ್ದಿಲ್ಲ. ಬೆಂಗ್ರೆಯಲ್ಲಿ ದಿನಾ ಕಿವಿಯಲ್ಲಿ ಇದ್ದ ಸದ್ದು ಅದು. ಇಲ್ಲದೆ ಹೋದಾಗ ಕಿವಿ ಕೆಟ್ಟಿತೋ ಎಂದು ಬೆರಳು ಹಾಕಿ ನೋಡಿದೆ. ದೂರದಲ್ಲಿ ಒಬ್ಬ ಸಮುದ್ರದ ನಡುವಿನಲ್ಲಿ ಸ್ಟೂಲು ಹಾಕಿ ಕೂತಿದ್ದ. ಮಂಜುಗಡ್ಡೆಯಲ್ಲಿ ತೂತು ಕೊರೆದು ಗಾಳ ಹಾಕಿದ್ದನಂತೆ. ಕದಲುವುದಿಲ್ಲ. ನಮ್ಮಲ್ಲಿ ಸಮುದ್ರದ ಮೇಲೆ ಹಾಗೆ ಕೂತವನನ್ನು ಕಂಡರೆ ಯಾರೂ ಹತ್ತಿರ ಹೋಗುವುದಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಬೆಳಕು ಬಂತು, ಮಧ್ಯಾಹ್ನ ಎರಡಕ್ಕೆ ಹೋಯಿತು. ಸೂರ್ಯ ತಲೆಯ ಮೇಲೆ ಬರಲೇ ಇಲ್ಲ, ಬೇಲಿಯ ಆಚೆಯಿಂದ ನೋಡಿ ಹೋದವನ ಹಾಗೆ. ಎಲ್ಲ ಮನೆಯ ಕಿಟಕಿಯಲ್ಲೂ ದೀಪ, ಪರದೆ ಇಲ್ಲ, ಒಳಗೆ ಎಲ್ಲ ಕಾಣುತ್ತದೆ, ಆದರೆ ಮನುಷ್ಯರು ಕಾಣುವುದಿಲ್ಲ. ಬಸ್ಸಿನಲ್ಲಿ ಇಪ್ಪತ್ತು ಜನ ಇದ್ದರೂ ಒಬ್ಬರೂ ಮಾತಾಡುವುದಿಲ್ಲ. ನಾನು ಲೀನಾ ಟೀಚರತ್ರ ಎರಡು ಮಾತಾಡಿದ್ದಕ್ಕೆ ಇಡೀ ಬಸ್ಸು ಕೇಳಿಸಿಕೊಂಡಿತು. ಒಂದೇ ಒಂದು ನಮ್ಮ ಹಾಗೆ. ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಚ್ಚುತ್ತಾರೆ.

ಎಲೆಯಡಿಕೆ ನಾನು ಬಿಟ್ಟವಳಲ್ಲ. ಬಾಡಿದ ಎಲೆ ಹತ್ತು ಹದಿನೈದು ಸೀರೆಯ ನಡುವೆ ಇಟ್ಟು ತಂದಿದ್ದೆ. ಮಾರ್ತಮ್ಮನ ಮನೆಯ ಹಿಂದೆ ಹೋಗಿ ಒಮ್ಮೆ ಉಗಿದೆ. ಬಿಳಿಯ ಹಿಮದ ಮೇಲೆ ಕೆಂಪು. ಎರಡನೇ ಸಲ ಉಗಿಯುವಷ್ಟರಲ್ಲಿ ಪಕ್ಕದ ಮನೆಯವ ಅಂಗಿಯಲ್ಲೇ ಓಡಿ ಬಂದ, ನನ್ನ ಬಾಯಿ ನೋಡಿದ, ಹಿಮ ನೋಡಿದ, ಒಳಗೆ ಹೋಗಿ ಫೋನು ಮಾಡಿಬಿಟ್ಟ. ನನ್ನ ಎದೆ ಒಡೆದು ರಕ್ತ ಬಂತೆಂದು ಗ್ರಹಿಸಿದ್ದಾನೆ. ಮಾರ್ತಮ್ಮ ಬಂದು ಅವನಿಗೆ ತಿಳಿಸಿ ಹೇಳಿದರು. ಆತ ತಲೆ ಆಡಿಸಿದ, ಆದರೂ ಸಲಿಕೆ ತಂದು ಆ ಕೆಂಪಿನ ಮೇಲೆ ಹಿಮ ಎಳೆದು ಮುಚ್ಚಿದ. ಮುಚ್ಚಿದ ಮೇಲೂ ಕೆಳಗಿನಿಂದ ತಿಳಿಗೆಂಪು ಮೇಲೆ ಬರುತ್ತಾ ಇತ್ತು. ಆಮೇಲೆ ನಾನು ನುಂಗಿದೆ.

ಎರಡನೇ ದಿನ: ಮಕ್ಕಳ ಮನೆ

ಆ ದೇಶದಲ್ಲಿ ಶಾಲೆ ಸುರುವಾಗುವುದು ಏಳು ವರ್ಷಕ್ಕೆ. ಅದಕ್ಕೆ ಮುಂಚೆ ಮಕ್ಕಳಿಗೆ ಮಕ್ಕಳ ಮನೆ. ಆರು ವರ್ಷದ ಪ್ರತಿಯೊಂದು ಮಗುವಿಗೂ ಅಲ್ಲಿ ಜಾಗ ಇರಲೇಬೇಕೆಂದು ಸರಕಾರದ ಕಾನೂನು, ತೀರಾ ಸಣ್ಣವು ಕೂಡ ಬರುತ್ತವೆ. ಮಾರ್ತಮ್ಮ ನಮ್ಮನ್ನು ಒಂದಕ್ಕೆ ಕರೆದುಕೊಂಡು ಹೋದರು.

ಗೇಟಿನ ಒಳಗೆ ಕಾಲಿಟ್ಟವಳು ನಾನು ಅಲ್ಲೇ ನಿಂತೆ. ಅಂಗಳದಲ್ಲಿ, ಹಿಮದ ಮೇಲೆ, ಸಾಲಾಗಿ ಏಳೆಂಟು ಕೈಗಾಡಿ. ಪ್ರತಿ ಗಾಡಿಯಲ್ಲಿ ಒಂದು ಶಿಶು, ಮೂಗು ಮಾತ್ರ ಹೊರಗೆ. ಒಂದೂ ಅಳುವುದಿಲ್ಲ, ಒಂದೂ ಮಿಸುಕುವುದಿಲ್ಲ. ಹತ್ತಿರ ಯಾರೂ ಇಲ್ಲ. ನಾನು ಒಂದರ ಮೂಗಿನ ಕೆಳಗೆ ಬೆರಳು ಹಿಡಿದೆ. ಬಿಸಿ ಉಸಿರು ಇತ್ತು. ಎರಡನೆಯದಕ್ಕೂ ಹಿಡಿದೆ. ಎಲ್ಲದಕ್ಕೂ ಹಿಡಿದು ನೋಡಿಯೇ ಒಳಗೆ ಹೋದದ್ದು.

"ಹೊರಗೆ ಮಲಗಿದರೆ ನಿದ್ದೆ ಚೆನ್ನಾಗಿ ಬರ್ತದಂತೆ," ಲೀನಾ ಟೀಚರ್ ಕೇಳಿ ಹೇಳಿದರು.

"ನಮ್ಮಲ್ಲಿ ಹೀಗೆ ಮಲಗಿಸುವುದು ಯಾರನ್ನೆಂದು ಅವರಿಗೆ ಹೇಳಿ."

"ಅಪ್ಪಿಯಕ್ಕ, ಸುಮ್ಮನಿರಿ ಮಾರಾಯ್ತಿ."

ಅಲ್ಲಿನ ಟೀಚರ್ ಹೆಸರು ಬಿರ್ಗಿತ್. ಮೆತ್ತಗೆ ಮಾತಾಡುವ ಎತ್ತರದ ಹೆಂಗಸು. ಐದು ವರ್ಷದ ಮಕ್ಕಳಿಗೆ ಅಕ್ಷರ ಎಷ್ಟು ಬರುತ್ತದೆ ಎಂದು ಕೇಳಿಸಿದೆ. ಕಲಿಸುವುದೇ ಇಲ್ಲವಂತೆ. ಆಟ, ಹಾಡು, ತಾನೇ ಕೋಟು ಹಾಕಿಕೊಳ್ಳುವುದು, ಸರದಿ ಕಾಯುವುದು, ಅಷ್ಟೇ. ಆಮೇಲೆ ಶಾಲೆಯಲ್ಲಿ ತಾನಾಗಿ ಬರುತ್ತದಂತೆ. ನಮ್ಮ ಮಂಗಳೂರಿನಲ್ಲಿ ಈಗ ಮೂರು ವರ್ಷಕ್ಕೆ ಟೈ ಕಟ್ಟಿ ನರ್ಸರಿಗೆ ಕಳಿಸಿ, ಸಂಜೆಗೆ ಏಬಿಸಿಡಿ ಹೇಳದಿದ್ದರೆ ಬೆನ್ನಿಗೆ ಎರಡು ಬಿಡುವವರು ಇದ್ದಾರೆ. ಯಾರು ಸರಿ ಎಂದು ನಾನು ಹೇಳುವುದಿಲ್ಲ. ನಮ್ಮ ಬಾಲವಾಡಿಯಲ್ಲಿ ಮಕ್ಕಳು ಕಲಿತದ್ದೂ ಹೆಚ್ಚು ಕೂತುಕೊಳ್ಳುವುದನ್ನು.

ಹೊರಗೆ ಕತ್ತಲಾಗುತ್ತಿರುವಾಗ ದೊಡ್ಡ ಮಕ್ಕಳು ನಡೆದು ವಾಪಸು ಬಂದರು. ಉದ್ದದ ಒಂದು ಹಗ್ಗ, ಹಗ್ಗಕ್ಕೆ ಬಳೆ ಬಳೆ, ಪ್ರತಿ ಬಳೆಗೆ ಒಂದು ಮಗುವಿನ ಕೈ. ಕೋಟಿನಲ್ಲಿ ಹೊಳೆಯುವ ಪಟ್ಟಿ. ಮುಖ ಕಾಣುವುದಿಲ್ಲ, ಮೈ ಕಾಣುವುದಿಲ್ಲ, ಪಟ್ಟಿಗಳು ಮಾತ್ರ ಗಾಳಿಯಲ್ಲಿ ಸಾಲಾಗಿ ಬರುತ್ತಿವೆ. ಆ ಸಾಲನ್ನು ನೋಡುವಾಗ ನಾನು ಸುಮ್ಮನೆ ಎಣಿಸುತ್ತಿದ್ದೆ. ಆಯಾ ಆದವಳಿಗೆ ಅದು ಬಿಡುವುದಿಲ್ಲ. ಹನ್ನೊಂದು ಮಕ್ಕಳು, ಹನ್ನೆರಡು ಬಳೆ. ಒಂದು ಬಳೆ ಖಾಲಿ ಅಲುಗಾಡುತ್ತಾ ಬಂತು.

ಒಳಗೆ ಕೋಟು ತೂಗು ಹಾಕುವ ಗೋಡೆ. ಪ್ರತಿ ಮಗುವಿಗೆ ಒಂದು ಕೊಕ್ಕೆ, ಓದು ಬಾರದ ಮಕ್ಕಳಲ್ವಾ, ಹೆಸರಿನ ಬದಲು ಒಂದು ಚಿತ್ರ. ಮೊಲ, ಮೀನು, ಕೊಡೆ. ಹಕ್ಕಿಯ ಚಿತ್ರದ ಕೊಕ್ಕೆಯಲ್ಲಿ ಕೋಟು ಇರಲಿಲ್ಲ. ಕೆಳಗೆ ಒಂದು ಜೊತೆ ಸಣ್ಣ ಬೂಟು, ಒಣಗಿದ್ದು.

"ಈ ಮಗು ಇವತ್ತು ಬರಲಿಲ್ವಾ?" ಎಂದು ಕೇಳಿಸಿದೆ.

ಬಿರ್ಗಿತ್ ಹೇಳಿದರು, ಲೀನಾ ಟೀಚರ್ ಸಣ್ಣ ಸ್ವರದಲ್ಲಿ ನನಗೆ ದಾಟಿಸಿದರು. ಆ ಹುಡುಗ ಬೇಸಿಗೆಯಲ್ಲಿ ಕೆರೆಗೆ ಬಿದ್ದು ಹೋದನಂತೆ. ಅವನ ಜೊತೆಯವರು ಶಾಲೆಗೆ ಹೋಗುವವರೆಗೆ ಕೊಕ್ಕೆ ಅವನದ್ದೇ. ಅವರು ಹೋಗುವ ದಿನ ಆ ಚಿತ್ರವನ್ನೂ ತೆಗೆದು ಅವನ ತಾಯಿಗೆ ಕೊಡುತ್ತಾರಂತೆ, ಅವನಿಗೂ ಏಳು ಆಯಿತು ಎಂದು.

"ಬೇರೆ ಮಗುವಿಗೆ ಕೊಡಲಿಲ್ವಾ ಆ ಕೊಕ್ಕೆ? ಜಾಗಕ್ಕೆ ಕಾಯುವವರು ಇಲ್ವಾ?"

ಇದ್ದಾರಂತೆ. ಬೇರೆ ಕೊಕ್ಕೆ ಹೊಡೆದರಂತೆ.

ಲೀನಾ ಟೀಚರ್ ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ. ಎದುರಿನ ಬೆಂಚಿನಲ್ಲಿ ಕೂತೆ. ಅಷ್ಟರಲ್ಲಿ ನಾಲ್ಕು ವರ್ಷದ್ದೊಂದು ಹೆಣ್ಣುಮಗು ಬಂದು, ಕೇಳದೆ ಹೇಳದೆ, ನನ್ನ ತೊಡೆಯ ಮೇಲೆ ಕೂತುಕೊಂಡಿತು. ಹದಿನಾರು ಕಿಲೋ ಇರಬಹುದು, ನನ್ನ ತೊಡೆಗೆ ಗೊತ್ತಾಗುತ್ತದೆ. ನಾವು ಎದ್ದು ಹೊರಡುವವರೆಗೂ ಆ ಖಾಲಿ ಕೊಕ್ಕೆಯ ಕಡೆಗೇ ನೋಡುತ್ತಾ ಕೂತಿತ್ತು.

ಮೂರನೇ ದಿನ: ಮಾರ್ತಮ್ಮನ ಕೋಣೆ

ಮರುದಿನ ಮಾರ್ತಮ್ಮ ತನ್ನ ಆಫೀಸು ತೋರಿಸಲಿಕ್ಕೆ ಕರೆದರು. ಸಭೆ ಅದರ ಮರುದಿನ. ಮಧ್ಯಾಹ್ನ ಮೂರು ಗಂಟೆ, ಹೊರಗೆ ಕಪ್ಪು. ಕೋಣೆಯ ಉದ್ದಕ್ಕೂ ಬೆಂಗ್ರೆಯ ಪಟ. ನನ್ನ ಮಕ್ಕಳೆಲ್ಲ ಗೋಡೆಯಲ್ಲಿ ಇದ್ದರು. ಈಗ ಮೀಸೆ ಬಂದವರು, ಮದುವೆ ಆದವರು, ದೋಣಿಗೆ ಹೋದವರು, ಎಲ್ಲ ಮೂರು ವರ್ಷದವರಾಗಿ ಮೂಗು ಸುರಿಸಿಕೊಂಡು ನನ್ನನ್ನು ನೋಡುತ್ತಿದ್ದರು. ಹಿಮದ ಊರಿನ ಆ ಕೋಣೆಯಲ್ಲಿ ಅವರು ಹದಿಮೂರು ವರ್ಷದಿಂದ ಹೀಗೆ ನಿಂತಿದ್ದಾರೆ ಎಂದು ಅಲ್ಲಿರುವ ಒಬ್ಬರಿಗೂ ವಿಚಿತ್ರ ಅನಿಸಿರಲಿಲ್ಲ.

ನಡುವಿನಲ್ಲಿ ವಾರಿಜ. ಎಡಕ್ಕೆ ಒಂದು ದೊಡ್ಡ ಪಟ, ಜೋಳಿಗೆಯಲ್ಲಿ ತೂಗುವ ಮಗುವಿನದ್ದು. ಬಲಕ್ಕೆ ಇನ್ನೊಂದು, ಹೈಸ್ಕೂಲಿನ ನೀಲಿ ಲಂಗ, ಎರಡು ಜಡೆ. ಎರಡರ ನಡುವೆ ಆಳುದ್ದದ ಕಾಗದದಲ್ಲಿ ಕೆಂಪು ಗೆರೆ. ಹತ್ತಿ, ಒಮ್ಮೆ ದೊಪ್ಪನೆ ಇಳಿದು, ಪುನಃ ಹತ್ತಿ, ಒಂದನೇ ಕ್ಲಾಸು, ಎರಡನೇ ಕ್ಲಾಸು, ಹತ್ತನೇ ಕ್ಲಾಸಿನವರೆಗೆ. ಸತ್ತವಳು ಎಡದಿಂದ ಹೊರಟು ಆ ಗೆರೆಯ ಮೇಲೆ ನಡೆದು ಬದುಕಿದ್ದವಳ ಒಳಗೆ ಹೋಗಿದ್ದಳು.

ಮಾರ್ತಮ್ಮ ಗೆರೆ ಇಳಿದ ಜಾಗದಲ್ಲಿ ಬೆರಳಿಟ್ಟು ಏನೋ ಹೇಳಿದರು. ಅವರ ಕಣ್ಣು ಒದ್ದೆಯಾಯಿತು.

"ಇಲ್ಲಿ ಇವಳು ಸಾಯಬೇಕಿತ್ತು, ಸಾಯಲಿಲ್ಲ ಎಂದು ಹೇಳ್ತಿದ್ದಾರೆ," ಲೀನಾ ಟೀಚರ್ ಅಂದರು.

"ಸತ್ತಿದ್ದಾಳೆ ಎಂದು ಹೇಳಿ."

"ಅಪ್ಪಿಯಕ್ಕ."

"ಹೇಳಿ ಟೀಚರ್. ಇದು ಇಬ್ಬರು. ಒಬ್ಬಳು ಅಲ್ಲಿಗೆ ಮುಗಿದಳು, ಅವಳ ಕಾರ್ಡಿನಲ್ಲಿ ತಂಗಿಯನ್ನು ಬರೆದದ್ದು, ಬರೆಸಿದ್ದು ನಾನು, ನಿಮ್ಮ ತಪ್ಪಿಲ್ಲ. ಮನೆಯಲ್ಲಿ ಮದುವೆ ಉಂಟು, ಪಟ ಬೇಕು. ಎಲ್ಲ ಹೇಳಿ."

ಲೀನಾ ಟೀಚರ್ ಇಂಗ್ಲಿಷಿನಲ್ಲಿ ಹೇಳಿದರು. ನಾನು ಹೇಳಿದ್ದು ಒಂದು ಬೊಗಸೆ, ಅವರು ಹೇಳಿದ್ದು ಒಂದು ಚಿಟಿಕೆ. ಮಾರ್ತಮ್ಮ ನಗಾಡಿ ನನ್ನ ಭುಜ ತಟ್ಟಿದರು. ನಾನು ಪಟ ಚೆನ್ನಾಗಿದೆ ಅಂದೆ ಎಂದು ಟೀಚರ್ ಹೇಳಿದ್ದಾರೆ, ಅಷ್ಟೇ.

ಕೋಪ ಬರಲಿಲ್ಲ. ಅವರು ಬಾಲವಾಡಿಯನ್ನು ಉಳಿಸಲಿಕ್ಕೆ ನೋಡುವುದು. ಆದರೆ ನನಗೆ ಇಂಗ್ಲಿಷು ಬರುವುದಿಲ್ಲ, ಸುಂದರಿ ಅಲ್ಲಿ ದಿನ ಎಣಿಸುತ್ತಿದ್ದಾಳೆ. ಹೆಗಲ ಮೇಲೆ ಬಿಳಿ ಶಾಲು ಇತ್ತು, ಮಾರ್ತಮ್ಮನೇ ಚಳಿಗೆಂದು ಕೊಟ್ಟದ್ದು. ಅದನ್ನು ತೆಗೆದೆ. ಗೋಡೆಯ ಹತ್ತಿರ ಹೋಗಿ ಎಡಗಡೆಯ ಪಟದ ಮೇಲೆ, ಕಾಲಿನ ಕಡೆಯಿಂದ ಮುಖದವರೆಗೆ, ಎಳೆದು ಮುಚ್ಚಿ ಹಿಡಿದೆ. ಆಮೇಲೆ ಬಲಗಡೆಯ ಹುಡುಗಿಯ ಗಲ್ಲ ಮುಟ್ಟಿ, ಸೊಂಟದಷ್ಟಕ್ಕೆ ಕೈ ತೋರಿಸಿ, ಗೆರೆ ಇಳಿದ ಜಾಗದಲ್ಲಿ ಅವಳನ್ನು ಎತ್ತಿ ಇಟ್ಟ ಹಾಗೆ ಮಾಡಿದೆ.

ಮಗುವಿನ ಮುಖಕ್ಕೆ ಬಟ್ಟೆ ಎಳೆಯುವುದು ಯಾವ ದೇಶದಲ್ಲಿ ಅರ್ಥ ಆಗುವುದಿಲ್ಲ?

ಮಾರ್ತಮ್ಮನಿಗೆ ಬೆಂಗ್ರೆಯಲ್ಲಿ ಇದ್ದಾಗ ಕಲಿತ ತುಳು ನಾಲ್ಕೈದು ಮಾತು ಉಂಟು. ಬಾ, ಕೂತುಕೋ, ನೋವಾ, ಯಾವಾಗ. ಅವರು ನನ್ನ ಕೈ ನೋಡುತ್ತಾ ಕೇಳಿದರು.

"ಏಪ?"

ಯಾವಾಗ ಎಂದು.

ನಾನು ಬೆರಳು ಆ ಗುಂಡಿಯಲ್ಲಿ ಇಟ್ಟೆ.

ಅವರು ಕುರ್ಚಿಯಲ್ಲಿ ಕೂತರು. ಆಮೇಲೆ ಲೀನಾ ಟೀಚರ್ ಅಳುತ್ತಾ ಎಲ್ಲ ಹೇಳಿದರು, ಈ ಸಲ ಬೊಗಸೆಗೆ ಬೊಗಸೆ. ಮಾರ್ತಮ್ಮ ಬೈಯಲಿಲ್ಲ. ಒಂದೇ ಒಂದು ಕೇಳಿದರು. "ಇಷ್ಟು ವರ್ಷ ನಾನು ಆ ಮಗುವಿನ ಕತೆ ಊರೂರಿಗೆ ಹೇಳಿದೆ, ಅವಳು ಸತ್ತಿದ್ದಾಳೆಂದು ನನಗೆ ಗೊತ್ತಿಲ್ಲದೆ. ಅದು ಆ ಮಗುವಿಗೆ ಗೊತ್ತಿರಬಹುದಾ?" ಎಂದು. ಓದಿದ ಡಾಕ್ಟರು ಕೇಳುವ ಮಾತಲ್ಲ ಅದು. ಗೊತ್ತಿರ್ತದೆ ಎಂದು ಹೇಳಿಸಿದೆ.

ನಾಲ್ಕನೇ ದಿನ: ಸಭೆ

ಸಭೆಯಲ್ಲಿ ಎಪ್ಪತ್ತು ಎಂಬತ್ತು ಜನ, ಕೆಮ್ಮುವವರೂ ಇಲ್ಲ. ಮಾರ್ತಮ್ಮ ಅದೇ ಕಾಗದವನ್ನು ತಂದಿದ್ದರು, ಕತ್ತರಿಸಿ ಎರಡು ಮಾಡಿದ್ದರು. ಮೊದಲನೆಯದು ಗೇಣುದ್ದ, ಹತ್ತಿ ನಿಂತಿತ್ತು, ಅಲ್ಲಿಗೆ ಖಾಲಿ. ಎರಡನೆಯದು ಸಣ್ಣದರಿಂದ ಸುರುವಾಗಿ ಮೆಲ್ಲ ಮೆಲ್ಲ ಏರಿತ್ತು. ಗುಂಡಿ ಇರಲಿಲ್ಲ. ಯಾವ ಮಗುವಿನದ್ದೂ ಆಗಬಹುದಾದ ಗೆರೆ. ಅಂಥ ಗೆರೆಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಹೊಡೆಯಲಿಲ್ಲ ಕೂಡ.

ಮುಂದಿನ ಸಾಲಿನಲ್ಲಿ ಕೂತ ಬೋಳುತಲೆಯವರೊಬ್ಬರು ಎದ್ದರು. ಸಹಾಯ ಕಳಿಸುವುದೋ ಬಿಡುವುದೋ ನೋಡುವವರು ಅವರೇ ಎಂದು ಲೀನಾ ಟೀಚರ್ ಕಿವಿಯಲ್ಲಿ ಹೇಳಿದರು. ಅವರು ನನ್ನನ್ನೇ ಕೇಳಿದರು. ಕಾಗದ ಬಿಡಿ, ನಿಮ್ಮ ಲೆಕ್ಕಕ್ಕೆ ಬಾಲವಾಡಿಯಿಂದ ಏನಾಯಿತು?

ನಾನು ಕೂತಲ್ಲಿಂದಲೇ ಹೇಳಿದೆ. "ಬಾಲವಾಡಿಗೆ ಬಂದವು ಒಂದನೇ ಕ್ಲಾಸಿನಲ್ಲಿ ಅಳುವುದಿಲ್ಲ. ಮಾಸ್ಟ್ರನ್ನು ಕಂಡು ಓಡುವುದಿಲ್ಲ. ಎರಡು ಮೂರು ವರ್ಷ ಚುರುಕು ಇರ್ತಾವೆ. ಆಮೇಲೆ ಬಂದವಕ್ಕೂ ಬಾರದವಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಗಂಡುಹುಡುಗರು ಮೀಸೆ ಬಂದ ಕೂಡಲೇ ದೋಣಿಗೆ ಹೋಗ್ತಾರೆ, ನೀವು ಹಾಲು ಕುಡಿಸಿದರೂ ಹೋಗ್ತಾರೆ."

ಲೀನಾ ಟೀಚರ್ ನನ್ನ ಸೆರಗು ಎಳೆದರು.

"ಇನ್ನೊಂದು ಉಂಟು," ಅಂದೆ. "ಮುಂಚೆ ಬೆಂಗ್ರೆಯಲ್ಲಿ ಎಂಟು ಹತ್ತು ವರ್ಷದ ಪ್ರತಿ ಹುಡುಗಿಯ ಸೊಂಟದಲ್ಲಿ ಒಂದು ಮಗು ಇತ್ತು. ತಮ್ಮ ಅಥವಾ ತಂಗಿ. ತಾಯಿ ಮೀನು ಮಾರಲಿಕ್ಕೆ ಹೋದರೆ ಇವಳು ಮನೆಯಲ್ಲಿ. ಆ ಹುಡುಗಿಯರ ಸೊಂಟ ಒಂದು ಬದಿಗೆ ವಾಲಿಯೇ ಇರುತ್ತಿತ್ತು. ನಾನು ಸಣ್ಣದ್ದನ್ನು ಬಾಲವಾಡಿಗೆ ಎತ್ತಿಕೊಂಡು ಬಂದ ದಿನದಿಂದ ಆ ಸೊಂಟ ಖಾಲಿ. ಅವರು ಎದ್ದು ಶಾಲೆಗೆ ಹೋದರು. ಹತ್ತು ಹನ್ನೊಂದಕ್ಕೆ ಒಂದನೇ ಕ್ಲಾಸಿಗೆ ಸೇರಿದವರೂ ಇದ್ದಾರೆ. ಇವತ್ತು ಕಾಗದ ಓದಿ ಹೇಳುವ ಹೆಂಗಸು ಬೆಂಗ್ರೆಯಲ್ಲಿ ಯಾರಾದರೂ ಇದ್ದರೆ ಅವರೇ."

ಬೋಳುತಲೆಯವರು ಮುಂದಕ್ಕೆ ಬಾಗಿದರು. ಆ ಹುಡುಗಿಯರ ಕಾರ್ಡು ಎಲ್ಲುಂಟು ಎಂದು ಕೇಳಿದರು.

"ಇಲ್ಲ," ಅಂದೆ. "ಅವರನ್ನು ಯಾರೂ ತೂಗಲಿಲ್ಲ."

ಮಾರ್ತಮ್ಮ ಗೋಡೆಯ ಕಾಗದಗಳ ಕಡೆ ತಿರುಗಿ ನಿಂತರು. ಹದಿಮೂರು ವರ್ಷ ಅವರು ಚಾಪೆಯಲ್ಲಿ ಕೂತವರನ್ನು ನೋಡಿದ್ದರು, ಮನೆಬಾಗಿಲಿನಲ್ಲಿ ಮಗುವನ್ನು ಸೊಂಟದಿಂದ ಇಳಿಸಿ ನನಗೆ ಕೊಟ್ಟ ಅಕ್ಕಂದಿರು ಅವರಿಗೆ ಕಂಡಿರಲಿಲ್ಲ. ನನಗೂ ಕಂಡದ್ದು ಅಲ್ಲಿ ಕೂತು ಹೇಳುವಾಗಲೇ.

ಸಹಾಯ ಮತ್ತೆ ಎರಡು ವರ್ಷ ಬಂತು, ಆಮೇಲೆ ನಿಂತಿತು. ನನ್ನ ಬಾಯಿಯಿಂದಲೇ ನಿಂತದ್ದು ಎಂದು ಲೀನಾ ಟೀಚರ್ ಈಗಲೂ ಹೇಳುತ್ತಾರೆ. ಇರಬಹುದು. ಈಗ ಅದೇ ಕೋಣೆಯಲ್ಲಿ ಸರಕಾರದ ಅಂಗನವಾಡಿ ಉಂಟು. ತೂಕದ ಕೊಕ್ಕೆ ಅದೇ.

ವಾಪಸು

ಹೊರಡುವ ದಿನ ಮಾರ್ತಮ್ಮ ಎಡಗಡೆಯ ಪಟವನ್ನು ಗೋಡೆಯಿಂದ ಬಿಚ್ಚಿ, ದಪ್ಪ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಅದು ಇದ್ದ ಕಡೆ ಗೋಡೆ ಬೇರೆ ಬಣ್ಣ ಇತ್ತು. ದಾರಿಯಲ್ಲಿ ನಾನು ಬಿಡಿಸಿ ನೋಡಲಿಲ್ಲ. ಸುಂದರಿಯ ಮನೆಯಲ್ಲೇ ಬಿಡಿಸಿದ್ದು.

ಆಗ ಗೊತ್ತಾಯಿತು. ಶಾಲು ಮುಚ್ಚುವ ಗಡಿಬಿಡಿಯಲ್ಲಿ ನಾನು ಸರಿಯಾಗಿ ನೋಡಿರಲಿಲ್ಲ. ಪಟ ತೆಗೆಯುವಾಗ ಮಗು ಜೋಳಿಗೆಯಲ್ಲಿ ಒದ್ದಾಡಿ ತಲೆ ಕೊಡವಿದೆ. ಮುಖ ಇದ್ದ ಕಡೆ ಬರೀ ಮಸುಕು, ಹೊಗೆಯ ಹಾಗೆ. ಚಂದ ಬಿದ್ದದ್ದು ಎರಡು ಕಾಲು ಮಾತ್ರ. ಅಂಗಾಲು ನಮ್ಮ ಕಡೆಗೆ, ಹೊಯಿಗೆ ಮೆತ್ತಿದ್ದು, ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ.

ಇಷ್ಟು ದೂರ ಹೋಗಿ ತಂದದ್ದು ಇದಾ ಎಂದು ನನಗೇ ಅನಿಸಿತು. ಸುಂದರಿ ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಸಾಕು," ಅಂದಳು. "ಕಾಲು ಅವಳದ್ದೇ."

ಮದುವೆ ಒಂದು ಬುಧವಾರ ಮಧ್ಯಾಹ್ನ ಮೇಲೆ. ಸುರತ್ಕಲ್ಲಿನವರು ಹತ್ತು ಜನ ಬಂದಿದ್ದರು. ಮಣೆಯ ಮೇಲೆ ಹುಡುಗನ ಕಡೆಯ ಪಂಚೆ, ಹುಡುಗಿಯ ಕಡೆಯ ಸೀರೆ, ಬಳೆ, ಹೂ. ಹಿರಿಯರೊಬ್ಬರು ಮದುಮಗಳು ಯಾರು ಎಂದು ಕೇಳಿದರು. ಸುಂದರಿ ಬಾಯಿ ತೆರೆಯದೆ ಪಟವನ್ನು ಸೀರೆಯ ಮೇಲೆ ಇಟ್ಟಳು. ಹಿರಿಯರು ಆ ಮಸುಕು ಮುಖ ನೋಡಿದರು, ಕಾಲು ನೋಡಿದರು, ಆಗಬಹುದು ಎಂದು ಅಕ್ಷತೆ ಹಾಕಿದರು. ಹೆಸರು ಯಾರ ಬಾಯಿಂದಲೂ ಬರಲಿಲ್ಲ.

ಸಣ್ಣವಳು ಒಳಬಾಗಿಲಿನಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಪರೀಕ್ಷೆಗೆ ಎರಡು ತಿಂಗಳು ಇತ್ತು. ಅಕ್ಕನ ಪಟವನ್ನು ಅವಳು ನೋಡಿದ್ದು ಅದೇ ಮೊದಲು. ಪಟದ ಕಾಲು ನೋಡಿದಳು, ತನ್ನ ಕಾಲು ನೋಡಿದಳು. ಮುಂದಕ್ಕೆ ಚಾಚಿದ್ದ ತನ್ನ ಎರಡು ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದು, ಬೆರಳು ಕಾಣದ ಹಾಗೆ ಲಂಗದ ಒಳಗೆ ಎಳೆದುಕೊಂಡಳು.